ಯಾಕೆ ಹೊಡೆದದ್ದು?

"ಶುಕೂರ್ ಬದುಕಿದ್ದಾನೆ ಅಕ್ಕ. ಕೈ ಮಾತ್ರ ಸುಟ್ಟದ್ದು, ದುಬೈ ಆಸ್ಪತ್ರೆಯಲ್ಲಿದ್ದಾನೆ." ಉಡುಪಿಯಿಂದ ಟ್ರಂಕ್ ಕಾಲ್ ಮಾಡಿ ಕಾಪುವಿಗೆ ಮರಳಿದ ಹಸನ್ ಹೊಸ್ತಿಲಲ್ಲೇ ನಿಂತು ಹೇಳಿದ. ಕೊಲ್ಲಿಯಲ್ಲಿ ಮಗನಿದ್ದ ಎಣ್ಣೆ ಹಡಗಿಗೆ ಕ್ಷಿಪಣಿ ಬಡಿದ ಸುದ್ದಿ ಬಂದಂದಿನಿಂದ ಅನ್ನ ಮುಟ್ಟದಿದ್ದ ಬೀಪಾತುಮ್ಮ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಎದ್ದು ಒಳಗೆ ಹೋಗಿ, ಮಗಳು ಸೌದಾ ಮೈಸೂರಿಗೆಂದು ತುಂಬಿಸಿಟ್ಟಿದ್ದ ಪೆಟ್ಟಿಗೆಯಿಂದ ಬಟ್ಟೆಗಳನ್ನು ಹೊರಗೆ ತೆಗೆಯತೊಡಗಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ದೇಶದೇಶಗಳ ನಡುವಿನ ಯುದ್ಧ, ರಕ್ಷಣೆಯ ವಿಷಯ ಓದಲು ಅವಳಿಗೆ ಸೀಟು ಸಿಕ್ಕಿತ್ತು.

"ಯುದ್ಧದ ಪಾಠ ನಮಗೆ ಬೇಡ. ಯುದ್ಧ ಮನೆಗೇ ಬಂತಲ್ವಾ?"

"ಬಂದದ್ದಕ್ಕೇ ಓದಬೇಕು ಉಮ್ಮ." ಸೌದಾ ಬಟ್ಟೆಗಳನ್ನು ಮಡಚಿ ಮತ್ತೆ ಒಳಗಿಡತೊಡಗಿದಳು.

ಬೀಪಾತುಮ್ಮ ಅವಳ ಕೈ ಹಿಡಿದು ನಿಲ್ಲಿಸಿದರು. "ಹಾಗಾದರೆ ಹೇಳು. ಇರಾಕಿಗೂ ಇರಾನಿಗೂ ಜಗಳ. ನನ್ನ ಮಗ ಎಂತ ಮಾಡಿದ್ದಾನೆ? ಅವನ ಹಡಗಿಗೆ ಯಾಕೆ ಹೊಡೆದದ್ದು?"

"ಎಣ್ಣೆ ಮಾರಿದ ದುಡ್ಡಿನಲ್ಲೇ ಇಬ್ಬರೂ ಯುದ್ಧ ಮಾಡುವುದು. ಆ ಎಣ್ಣೆ ತಡೆಯಲು ಹಡಗಿಗೆ ಹೊಡೆಯುತ್ತಾರೆ, ಒಳಗೆ ಯಾರಿದ್ದಾರೆ ಅಂತ ನೋಡುವುದಿಲ್ಲ. ಇಷ್ಟು ನನಗೆ ಗೊತ್ತುಂಟು. ನಿಲ್ಲಿಸುವುದು ಹೇಗೆ ಅಂತ ಗೊತ್ತಿಲ್ಲ. ಅದಕ್ಕೇ ಹೋಗುತ್ತೇನೆ, ನೀವು ಬೇಡ ಅಂದರೂ."

ಬೀಪಾತುಮ್ಮ ಹಿಡಿದಿದ್ದ ಮಗಳ ಕೈ ಬಿಟ್ಟರು. ಆಮೇಲೆ ತಮ್ಮನ ಕಡೆ ತಿರುಗಿದರು.

"ಹಸನೇ, ನಾಳೆ ನೀನೂ ಇವಳ ಜೊತೆ ಮೈಸೂರಿಗೆ ಹೋಗು. ಹಾಸ್ಟೆಲ್ ಹೇಗುಂಟು ಅಂತ ನೋಡಿ ಬಾ."