ಹದಿನೇಳನೆಯ ಇಲಿ

ನಿವೃತ್ತಿಯ ದಿನ ಮೊದಲು ಬೀಗದ ಕೈ, ಆಮೇಲೆ ಗುರುತಿನ ಚೀಟಿ, ಕೊನೆಗೆ ನೆನಪು. ಸಂಸ್ಥೆಗೆ ಒಪ್ಪಿಸಿ ಹೋಗುವ ಕ್ರಮ ಅದೇ. ಮೆದುಳಿನ ಔಷಧಿಗಳ ವಿಜ್ಞಾನಿ ಡಾ. ವಾಮನಮೂರ್ತಿಯವರ ಮೂವತ್ತೆಂಟು ವರ್ಷದ ಸಂಶೋಧನೆಯನ್ನು ಬೆಳಿಗ್ಗೆಯೇ ಅವರ ತಲೆಯಿಂದ ಇಳಿಸಿ ಒಂದು ಸಣ್ಣ ಸೀಸೆಗೆ ತುಂಬಿದ್ದರು. ಅವರ ಜಾಗಕ್ಕೆ ಬಂದ ಜಬೀನ್, ಕಹಿಯೆಂದು ಕೇಳಿದ್ದರಿಂದ ಕೈಯಲ್ಲೊಂದು ಚೂರು ಬೆಲ್ಲ ಹಿಡಿದುಕೊಂಡು, ಎಲ್ಲರೆದುರು ಸೀಸೆಯನ್ನು ಒಂದೇ ಗುಟುಕಿಗೆ ಬರಿದು ಮಾಡಿದಳು.

ಅವಳ ತಲೆಯೊಳಗೆ ಮೊದಲು ಕಿಣ್ವಗಳ ಹೆಸರುಗಳು ಬಂದವು, ಕೆಟ್ಟುಹೋದ ಪ್ರಯೋಗಗಳ ವಾಸನೆ ಬಂತು. ಆಮೇಲೆ ಸರ್‌ಗೆ ಹೆಸರು ತಂದ ಕೈನಡುಕದ ಮಾತ್ರೆ ಬಂತು. ಜಬೀನಳ ತಾಯಿ ಹನ್ನೊಂದು ವರ್ಷದಿಂದ ನುಂಗುತ್ತಿರುವುದು ಅದನ್ನೇ. ಪರೀಕ್ಷೆಯಲ್ಲಿ ಹದಿನಾರು ಇಲಿಗಳ ನಡುಕ ನಿಂತಿತ್ತು. ಹದಿನೇಳನೆಯದರದೂ ನಿಂತಿತ್ತು, ಆದರೆ ಅದು ತನ್ನ ಮರಿಗಳ ಗುರುತು ಹಿಡಿಯದೆ ಮೂಲೆ ಸೇರಿತ್ತು. ಆ ಪುಟವನ್ನು ದಾಖಲೆ ಪುಸ್ತಕದಿಂದ ಹರಿದು ಸುಟ್ಟ ನೆನಪು, ಬೆರಳಿಗೆ ತಾಗಿದ ಬಿಸಿಯ ಸಮೇತ, ಈಗ ಜಬೀನಳದಾಗಿತ್ತು.

ಹೋದ ವಾರ ಅಮ್ಮಿ ಬಾಗಿಲು ತೆಗೆದು, "ಯಾರು ಬೇಕಾಗಿತ್ತಮ್ಮ?" ಎಂದು ಅವಳನ್ನೇ ಕೇಳಿದ್ದರು. ವಯಸ್ಸಾಯಿತಲ್ಲ ಎಂದು ಮನೆಯವರು ಸುಮ್ಮನಾಗಿದ್ದರು.

ಹಾರ ಹಾಕಿಕೊಂಡ ವಾಮನಮೂರ್ತಿ ಮಗುವಿನಂತೆ ನಗುತ್ತ ಎದುರು ಬಂದು ನಿಂತರು. ನಿವೃತ್ತರಾದವರೆಲ್ಲ ಕೇಳುವ ಪ್ರಶ್ನೆಯನ್ನು ಅವರೂ ಕೇಳಿದರು. "ಏನಮ್ಮಾ, ನಾನು ಇಲ್ಲಿ ಒಳ್ಳೇ ಕೆಲಸ ಮಾಡಿದೀನಾ?"

"ಒಳ್ಳೇದೇ ಮಾಡಿದೀರಿ ಸರ್" ಎನ್ನುವುದು ವಾಡಿಕೆ. ಚಪ್ಪಾಳೆ ತಟ್ಟಲು ಎಲ್ಲರೂ ಕೈ ಎತ್ತಿಕೊಂಡಿದ್ದರು.

ಜಬೀನ್ ಮುಷ್ಟಿ ಬಿಚ್ಚಿ, ಬೆವರಿಗೆ ಅಂಟಂಟಾದ ಬೆಲ್ಲವನ್ನು ಅವರ ಕೈಗಿಟ್ಟಳು.

"ಇದನ್ನ ಬಾಯಿಗೆ ಹಾಕ್ಕೊಳಿ ಸರ್. ಆಮೇಲೆ ಹೇಳ್ತೀನಿ."