ಗೇಟಿದ್ದ ಹಡಗು

ಪಕ್ಕದ ಮನೆಯ ಕಿಟಕಿಗೆ ಬೂದು ಬಣ್ಣ ಹಚ್ಚುತ್ತಿದ್ದಾರೆ. ಆ ವಾಸನೆಗೆ ನಾನು ಮತ್ತೆ ಅವ್ವನ ಸೆರಗು ಹಿಡಿದು ಆ ಗೇಟಿನ ಮುಂದೆ ನಿಂತಿದ್ದೇನೆ.

ಪೇಂಟರ್ ಆಗಿದ್ದ ಅಪ್ಪನ ಅಂಗಿಗೆ ಯಾವಾಗಲೂ ಅದೇ ವಾಸನೆ. "ನೌಕಾದಳದ ಹಡಗಿನಾಗ ಕೆಲಸ ಐತಿ, ದಿನಾ ಬರಾಕ ಆಗೂದಿಲ್ಲ" ಎನ್ನುತ್ತಿದ್ದ. ಹಡಗಿನ ಹೆಸರನ್ನೂ ಹೇಳಿದ್ದ. ಶನಿವಾರ ಮಾತ್ರ ಬಂದರಿನ ಮೇಲಿನ ಸಡಾ ಗುಡ್ಡದಲ್ಲಿದ್ದ ನಮ್ಮ ಬಾಡಿಗೆ ಖೋಲಿಗೆ ಬರುತ್ತಿದ್ದ. ಒಂದು ಶನಿವಾರ ಬರಲಿಲ್ಲ, ಮುಂದಿನ ಶನಿವಾರವೂ ಬರಲಿಲ್ಲ. ಅವ್ವ ರೊಟ್ಟಿ ಕಟ್ಟಿಕೊಂಡು, ದಾರಿಯುದ್ದಕ್ಕೂ ಆ ಹೆಸರು ಹೇಳಿ ಕೇಳುತ್ತ, ನನ್ನನ್ನು ಕರೆದುಕೊಂಡು ಹೊರಟಳು.

ಹೆಸರಿದ್ದ ಫಲಕ ಸಿಕ್ಕಿತು. ಅದರ ಹಿಂದೆ ನೀರಿರಲಿಲ್ಲ; ಕೆಂಪು ಕಲ್ಲಿನ ಗೋಡೆ, ಗೇರುಮರ, ಒಣಹಾಕಿದ ಬಟ್ಟೆ.

"ಹಡಗ ಎಲ್ಲೈತ್ರಿ?" ಅವ್ವ ಕೇಳಿದಳು.

ಕಾವಲಿನವನು ಬೆಳಗಾವಿ ಕಡೆಯವನು. "ಇದ ರೀ ಅಕ್ಕಾರ. ನಮ್ಮಲ್ಲಿ ನೆಲದ ಮ್ಯಾಲಿನ ಠಾಣ್ಯಾಕ್ಕೂ ಹಡಗಿನಂಗ ಹೆಸರ ಇಡ್ತಾರ. ಈ ಗೇಟ್ ದಾಟಿ ಪ್ಯಾಟಿಗೆ ಹೋಗೂದಿದ್ರ, ಹಡಗ ಇಳದು ದಡಕ್ಕ ಹೊಂಟೇವಿ ಅಂತೇವಿ."

ಅಪ್ಪನ ಹೆಸರು ಕೇಳಿಕೊಂಡು ಒಳಗೆ ವಿಚಾರಿಸಿ ಬಂದ. "ಪೇಂಟಿನ ಕೆಲಸ ದೀಪಾವಳಿಗೇ ಮುಗದೈತ್ರಿ. ಎಲ್ಲಾರೂ ಹೋದ್ರು."

ಆಗ ಹೋಳಿ ಹತ್ತಿರ ಬಂದಿತ್ತು; ನಡುವಿನ ಶನಿವಾರಗಳಲ್ಲೂ ಅಪ್ಪ ಹಡಗಿನಿಂದಲೇ ಬಂದೆ ಎನ್ನುತ್ತಿದ್ದ.

ಅವ್ವ ಗೋಡೆಯ ನೆರಳಲ್ಲಿ ಕೂತು ಅಪ್ಪನ ಪಾಲಿನ ರೊಟ್ಟಿಯನ್ನು ನನಗೆ ತಿನ್ನಿಸಿದಳು. ತಾನು ತಿನ್ನಲಿಲ್ಲ.

ಸಂಜೆ ಪಕ್ಕದ ಖೋಲಿಯ ಮಾವಶಿ, "ಸಿಕ್ರೇನು?" ಎಂದು ಕೇಳಿದಳು.

"ಹಡಗ ಭಾಳ ದೂರ ಹೋಗೈತ್ರಿ," ಅಂದಳು ಅವ್ವ. "ಬರೂದು ತಡಾ ಆಕ್ಕೈತಿ."

ಗೋಡೆ, ಗೇಟು ಇದ್ದ ಆ ಹಡಗನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ಹೌದೆಂದು ತಲೆಯಾಡಿಸಿದೆ.