ಕಪ್ಪು ತುದಿಯ ಏಡಿ

ಕುದಿಯುವ ಮಡಕೆಗೆ ಬೀಳಬೇಕಿದ್ದ ಏಡಿಯೊಂದನ್ನು ಸೊಸೆ ಹಿದಾಯ ಬೇಲಿಯ ಬುಡಕ್ಕೆ ಎಸೆದಳು. ಅತ್ತೆ ಬೀ ತಾಟು ಅದನ್ನು ನೋಡಲಿಲ್ಲ, ಬಿದ್ದ ಸದ್ದು ಕೇಳಿದಳು.

"ಏನೇ ಅದು? ಬೆಳಗಿಂದ ನಾನು ಸೊಂಟ ಬಗ್ಗಿಸಿ ಬಂಡೆ ಸಂದಿಯಲ್ಲಿ ಹಿಡಿದದ್ದನ್ನ ಬೇಲಿಗೆ ಬಡೀತೀಯಾ?"

"ಅದು ಬೇಡ ಅತ್ತೆ."

"ಬೇಡವಂತೆ! ಲವಂಗದ ಗುಡ್ಡದಲ್ಲಿ ಹುಟ್ಟಿದವಳು ನನಗೆ ಏಡಿ ಆರಿಸೋದು ಹೇಳಿಕೊಡ್ತಾಳೆ. ಆಕ್ಟೋಪಸ್ ನೋಡಿ, ಯಾರೋ ಗೋಣಿಚೀಲ ಬಿಟ್ಟುಹೋಗಿದಾರೆ ಅಂದವಳಲ್ವೇನೇ ನೀನು? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!"

ಬೀ ತಾಟುವಿನ ಬಾಯಿ ಹೀಗೇ. ಆಫ್ರಿಕಾ ಕರಾವಳಿಯ ಪೆಂಬಾ ದ್ವೀಪದ ಆ ಊರಿನಲ್ಲಿ ಕಡಲಿನ ಇಳಿತದ ಹೊತ್ತಿಗೆ ಹೆಂಗಸರು ಏನು ಹಿಡಿದು ತಂದರೂ ಮೊದಲು ಅವಳ ಮುಂದೆ ಸುರಿಯಬೇಕು. ಇದು ತಿನ್ನುವಂಥದ್ದು, ಇದು ಬಿಸಾಡುವಂಥದ್ದು, ಇದು ಮೊಟ್ಟೆ ಹೊತ್ತಿದೆ, ನೀರಿಗೆ ಬಿಡು ಎಂದು ಅವಳು ಹೇಳಿದ ಮೇಲೆಯೇ ಒಲೆ ಹೊತ್ತುವುದು. ಆ ದರ್ಬಾರು ಅವಳಿಗೆ ಊಟಕ್ಕಿಂತ ರುಚಿ. ಈ ಮಳೆಗಾಲದಿಂದ ಕಣ್ಣು ಮಂಜಾದದ್ದನ್ನು ಮಾತ್ರ ಮಗ ಮಕಾಮೆಗೂ ಹೇಳಿರಲಿಲ್ಲ. ಹೇಳಿದರೆ ನಾಳೆಯೇ ಮೂಲೆಗೆ ಕೂರಿಸುತ್ತಾರೆ. ಹೊಟ್ಟೆ ತಡವಿದರೆ ಗಂಡೋ ಹೆಣ್ಣೋ ತಿಳಿಯುತ್ತದೆ, ಕೈಯಲ್ಲಿ ತೂಗಿದರೆ ಮಾಂಸ ಎಷ್ಟೆಂದು ತಿಳಿಯುತ್ತದೆ. ಕಣ್ಣೇಕೆ ಬೇಕು?

"ಎತ್ತಿಕೊಂಡು ಬಾ ಅದನ್ನ!"

ಹಿದಾಯ ಏಡಿಯನ್ನು ತಂದು ಅತ್ತೆಯ ಮುಖದ ಹತ್ತಿರ ಹಿಡಿದಳು. "ಇಕ್ಕಳದ ತುದಿ ಕಪ್ಪಗಿದ್ದು, ಚಿಪ್ಪಿನ ಮೇಲೆ ಕೆಂಪು ಚಿತ್ತಾರ ಇದ್ರೆ ಅದು ಸೈತಾನನ ಏಡಿ, ಎಷ್ಟು ಬೇಯಿಸಿದ್ರೂ ವಿಷ ಹೋಗಲ್ಲ. ಮೊದಲನೇ ದಿನವೇ ತಲೆ ಮೇಲೆ ಮೊಟಕಿ ಹೇಳಿಕೊಟ್ಟೋರು ನೀವೇ ಅಲ್ವಾ?"

ಬೀ ತಾಟು ಅದರ ಚಿಪ್ಪು ತಡವಿದಳು, ಇಕ್ಕಳ ತಡವಿದಳು. ಬೆರಳಿಗೆ ಎಲ್ಲ ತಿಳಿಯಿತು, ಬಣ್ಣ ತಿಳಿಯಲಿಲ್ಲ. ಆ ಮಡಕೆಯ ಸಾರನ್ನು ಮೊಮ್ಮಗಳೂ ಉಣ್ಣುವವಳಿದ್ದಳು. ಮುದುಕಿ ಏಡಿಯನ್ನು ದೂರ ತಳ್ಳಿದಳು. ಆದರೂ ಜಂಬ ಬಿಡಬೇಕಲ್ಲ!

"ಗೊತ್ತು ಕಣೇ! ನಿನ್ನ ಪರೀಕ್ಷೆ ಮಾಡೋಕಂತಲೇ ಬುಟ್ಟಿಗೆ ಹಾಕಿದ್ದೆ."

"ಹೌದಾ ಅತ್ತೆ? ನಿನ್ನೆನೂ ಒಂದು ಪರೀಕ್ಷೆ ಮಾಡಿದ್ರಿ. ಮೊನ್ನೆ ಎರಡು."

ಒಲೆಯ ಮೇಲೆ ನೀರು ಕುದಿಯುತ್ತಲೇ ಇತ್ತು. ಕೊನೆಗೆ ಬೀ ತಾಟು ದನಿ ತಗ್ಗಿಸಿ ಕೇಳಿದಳು. "ಮಕಾಮೆಗೆ ಹೇಳಿದೀಯಾ?"

"ಏನಂತ ಹೇಳಲಿ? ನಾಲ್ಕರಲ್ಲೂ ಪಾಸಾದೆ ಅಂತಲಾ?"

ಮುದುಕಿ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಅಂಗಳದಲ್ಲಿ ಊರ ಹೆಂಗಸರು ಬುಟ್ಟಿ ಇಳಿಸಿದ ಸದ್ದಾಯಿತು. ಅವಳು ತಡವರಿಸುತ್ತಾ ಹೊರಗೆ ಹೋಗಿ ತನ್ನ ಚಾಪೆಯ ಮೇಲೆ ಕೂತಳು. ಆಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಸೊಸೆಗೆ ಜಾಗ ಮಾಡಿ, ಎಲ್ಲರಿಗೂ ಕೇಳುವಂತೆ ಕೂಗಿದಳು.

"ಏ ದಡ್ಡಿ, ಬಂದು ಇಲ್ಲಿ ಕೂತ್ಕೋ. ಇನ್ನೂ ಕಲಿಯೋದು ಬಹಳ ಇದೆ ನಿಂಗೆ!"